ಸೋಮಮ್ಮ ಒಪ್ಪಿದ ಕಟೌಟು

ಬಾಬುರಾಯನಕೊಪ್ಪಲಿನ ರಂಗಸ್ವಾಮಿಯವರ ಮನೆಯಲ್ಲಿ ಜಗಳ ಯಾವತ್ತೂ ಮುದ್ದೆ ತಟ್ಟೆಗೆ ಬಿದ್ದ ಮೇಲೆಯೇ ಶುರುವಾಗುವುದು. ಹಸಿದ ಹೊಟ್ಟೆಯಲ್ಲಿ ಜಗಳವಾಡುವಷ್ಟು ದಡ್ಡರು ಆ ಮನೆಯಲ್ಲಿ ಯಾರೂ ಇಲ್ಲ. ಆವತ್ತೂ ಹಾಗೆಯೇ ಆಯಿತು. ಪ್ರಮೀಳಾ ಗಂಡನಿಗೂ ಮಗನಿಗೂ ಮುದ್ದೆ ಇಕ್ಕಿ ಉಪ್ಸಾರು ಬಿಟ್ಟರು. ಮಗ ಅಪ್ಪು ಒಂದು ತುತ್ತು ನುಂಗಿ, ಇನ್ನೊಂದನ್ನು ಮುರಿಯುತ್ತಾ, ಪಕ್ಕದ ಬೀದಿಯ ಸುದ್ದಿ ಹೇಳುವವನ ಹಾಗೆ ಮಾತು ತೆಗೆದ.

“ಅಪ್ಪಾ, ಜೀಪಿಗೆ ಒಂದು ಕಟೌಟು ಹಾಕ್ಸವಾ ಅಂತಿದೀನಿ.”

“ಏನ್ಲಾ ಅದು?”

“ಸೈಲೆನ್ಸರ್‌ಗಿಂತ ಮುಂಚೆ ಪೈಪಿಗೆ ಒಂದು ಬಾಗ್ಲು ಮಡಗೋದು. ಲಿವರ್ ಎಳೆದ್ರೆ ಬಾಗ್ಲು ತೆಗೀತದೆ, ಹೊಗೆ ಸೈಲೆನ್ಸರ್‌ಗೆ ಹೋಗ್ದೆ ಸೀದಾ ಈಚೆಗೆ ಬತ್ತದೆ. ಇಂಜಿನ್ ಹಗುರಾಗಿ ಎಳೀತದೆ. ಲಿವರ್ ತಳ್ಳಿದ್ರೆ ಮುಚ್ಕೊತದೆ, ಮೊದ್ಲಿನಂಗೇಯಾ.”

“ಶಬ್ದ?”

“ಒಸಿ ಬತ್ತದೆ.”

“ಒಸಿ ಅಂದ್ರೆ ಎಷ್ಟ್ಲಾ?”

ಅಪ್ಪು ಮುದ್ದೆಯನ್ನು ಸಾರಿನಲ್ಲಿ ಎರಡು ಸಲ ಹೊರಳಿಸಿದ. ಅಷ್ಟರಲ್ಲೇ ರಂಗಸ್ವಾಮಿಯವರಿಗೆ ಉತ್ತರ ಸಿಕ್ಕಿತು.

ಆ ಜೀಪಿನ ಬಗ್ಗೆ ಎರಡು ಮಾತು ಹೇಳಿಬಿಡಬೇಕು. ಕೊಡಗಿನ ಯಾವುದೋ ತೋಟದಲ್ಲಿ ಗೊಬ್ಬರ ಹೊತ್ತು ಸವೆದಿದ್ದ ಗಾಡಿ ಅದು. ಅಪ್ಪು ಅದಕ್ಕೆ ಬೇರೆ ಇಂಜಿನ್ನು ಕೂರಿಸಿ, ಎದೆಮಟ್ಟದ ಟೈರು ಹಾಕಿಸಿ, ಹಸಿರು ಬಣ್ಣ ಬಳಿಸಿ, ಭಾನುವಾರ ಬಂತೆಂದರೆ ಗೆಳೆಯರ ಜೊತೆ ನಾಗಮಂಗಲದ ಕಡೆಯ ಗುಡ್ಡಗಳಿಗೆ ಹತ್ತಿಸುತ್ತಿದ್ದ. ಉಳಿದ ದಿನ ಅದೇ ಜೀಪಿನಲ್ಲಿ ಡೇರಿಗೆ ಹಾಲು, ಕೊಟ್ಟಿಗೆಗೆ ಹಿಂಡಿ. ಸಾಧು ಎತ್ತಿಗೆ ಚೂಪು ಕೊಂಬು ಕೂರಿಸಿದ ಹಾಗೆ ಕಾಣುತ್ತಿತ್ತು.

“ಮನೇಲಿ ಬಾಣಂತಿ ಅವ್ಳೆ, ಹಸುಗೂಸೈತೆ. ನಿಂಗೆ ಶಬ್ದ ಬೇಕಾ?” ಎಂದರು ಪ್ರಮೀಳಾ. “ಕೊಟ್ಟಿಗೇಲಿ ಹೊಸದಾಗಿ ಕರು ಹಾಕಿರೋ ಹಸ ಐತೆ. ಅದು ಬೆದರಿ ಸೊರ ಬುಡ್ದೆ ಹೋದ್ರೆ ನೀನು ಕರೀತೀಯಾ ಹಾಲ?”

“ಮನೆ ಅತ್ರ ತೆಗೆಯಾಕಿಲ್ಲ ಕಣವ್ವ. ಗುಡ್ಡದಲ್ಲಿ ಮಾತ್ರ.”

“ಗುಡ್ಡದಲ್ಲಿ ಪೊಲೀಸ್ರು ಹಿಡಿಯಾಕಿಲ್ವಾ?”

ರಂಗಸ್ವಾಮಿ ಕೈ ತೊಳೆಯಲು ಎದ್ದರು. ಬೇಡ ಎಂದು ಹೇಳಿ ಮಗನ ಮುಖ ಊದಿಸುವುದು ಅವರಿಗೂ ಬೇಕಿರಲಿಲ್ಲ. ಇಂಥ ಹೊತ್ತಿಗೆಂದೇ ಅವರ ಬಳಿ ಒಂದು ಉಪಾಯವಿತ್ತು. “ನಿಮ್ಮಜ್ಜೀನ ಕೇಳು. ಅವ್ವ ಒಪ್ಪಿದ್ರೆ ಹಾಕ್ಸು, ನಾನು ಬ್ಯಾಡ ಅನ್ನಾಕಿಲ್ಲ,” ಎಂದು ಹೊರಗೆ ಹೋದರು. ಅವರ ತಾಯಿ ಸೋಮಮ್ಮ ಇಂಥದ್ದಕ್ಕೆ ಒಪ್ಪುವುದು ಈ ಜನ್ಮದಲ್ಲಿ ಆಗದ ಮಾತು ಎಂಬುದು ಅವರ ಲೆಕ್ಕ.

ಸೋಮಮ್ಮನ ಆಳ್ವಿಕೆ ಆಗ ಪೂರ್ತಿ ಬಾಣಂತಿ ಕೋಣೆಯಲ್ಲಿ ನಡೆಯುತ್ತಿತ್ತು. ಮೊಮ್ಮಗಳು ದಿವ್ಯಳನ್ನು ಕೆ.ಆರ್. ಪೇಟೆ ತಾಲೂಕಿನ ಶೀಳನೆರೆಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಪಾಂಡವಪುರದ ನರ್ಸಿಂಗ್ ಹೋಮಿನಲ್ಲಿ ಹೆಣ್ಣುಮಗು ಹೆತ್ತು ಮೂರು ತಿಂಗಳಾಗಿತ್ತು. ಹೆಸರಿಡುವ ತನಕ ಇರಲಿ ಎಂದು ಎಲ್ಲರೂ ಅದನ್ನು ಚಿನ್ನು ಎನ್ನುತ್ತಿದ್ದರು. ದಿವ್ಯ ತಣ್ಣೀರು ಮುಟ್ಟಬಾರದು, ಫ್ಯಾನು ಹಾಕಬಾರದು, ಕಿವಿಗೆ ಬಟ್ಟೆ ಕಟ್ಟದೆ ಹಜಾರಕ್ಕೆ ಬರಬಾರದು, ಹೆಸರಿಡದ ಕೂಸು ಹೊಳೆ ದಾಟಬಾರದು. ಹುಟ್ಟಿದ್ದು ಹೊಳೆಯ ಈಚೆ ದಡದಲ್ಲೇ ಆದ್ದರಿಂದ ಸದ್ಯಕ್ಕೆ ಕಾವೇರಿಯ ಕಡೆಯಿಂದ ತಕರಾರೇನೂ ಇರಲಿಲ್ಲ.

ಬೆಳಿಗ್ಗೆ ಸೋಮಮ್ಮ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ಯುತ್ತಿದ್ದರು. ಅಪ್ಪು ಬಾಗಿಲಲ್ಲಿ ನಿಂತ.

“ಅಜ್ಜೀ, ಜೀಪಿಗೆ ಒಂದು ಕಟೌಟು ಹಾಕ್ಸವಾ ಅಂತ. ಅಪ್ಪ ನಿನ್ನ ಕೇಳು ಅಂದ್ರು.”

ನೀರು ಹುಯ್ಯುವ ಕೈ ನಿಂತಿತು. “ನಾಮಕರಣಕ್ಕಾ?”

“ನಾಮಕರಣಕ್ಕಿಂತ ಮುಂಚೇನೇ ಹಾಕ್ಸಬೋದು.”

“ಎಷ್ಟು ದೊಡ್ಡದು?”

“ಎರಡೂವರೆದು.”

“ಎರಡೂವರೆ ಅಡಿ ಯಾವ ಮೂಲೆಗಾದದ್ಲಾ? ಹಾಕ್ಸೋದು ಹಾಕ್ಸ್ತೀಯೆ, ದೊಡ್ಡದಾಗೇ ಹಾಕ್ಸು. ಶೀಳನೆರೆಯೋರು ಬಂದಾಗ ಕಾಣಂಗಿರಬೇಕು. ಕುಲಾವಿ ಹಾಕಿರೋ ಫೋಟೋ ಐತಲ್ಲ, ಅದ ಕೊಡು. ಕೆನ್ನೆ ಮೇಲೆ ದೃಷ್ಟಿಬೊಟ್ಟು ಮಾತ್ರ ಮರೀಬ್ಯಾಡ.” ಆಮೇಲೆ ಸ್ವಲ್ಪ ನಾಚಿಕೊಂಡು ಸೇರಿಸಿದರು: “ಕೆಳಗೆ ಮೂಲೇಲಿ ನಂದೂ ಒಂದಿರ್ಲಿ. ಮುತ್ತಜ್ಜಿ ಅಂತ ಬರ್ಸು.”

ಪೈಪಿನ ಎರಡೂವರೆ ಇಂಚಿನ ಲೆಕ್ಕ ಹೇಳಿದ್ದ ಅಪ್ಪುವಿಗೆ ಆಗ ಹೊಳೆಯಿತು. ಅಜ್ಜಿಯ ಕಣ್ಣಲ್ಲಿ ಕಟೌಟೆಂದರೆ ಬೈಪಾಸಿನ ಪಕ್ಕ ಮುಗಿಲೆತ್ತರಕ್ಕೆ ನಿಲ್ಲಿಸುತ್ತಾರಲ್ಲ, ಬಣ್ಣದ ಚಿತ್ರ, ಅದು. ಆಗಲೇ “ಅದಲ್ಲ ಅಜ್ಜಿ” ಎಂದುಬಿಟ್ಟಿದ್ದರೆ ಈ ಕಥೆ ಬಚ್ಚಲಲ್ಲೇ ಮುಗಿಯುತ್ತಿತ್ತು. ಆದರೆ ಇಪ್ಪತ್ತಮೂರರ ಹುಡುಗ, ಕೇಳಿದ ಕೂಡಲೇ ಸಿಕ್ಕ ಒಪ್ಪಿಗೆ. ಅವನು ಬಾಯಿ ಬಿಡಲಿಲ್ಲ. ನನ್ನ ಕೇಳಿದರೆ, ಅವನ ವಯಸ್ಸಿನಲ್ಲಿ ಯಾರೂ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಸೋಮಮ್ಮನ ಸೋಪಿನ ಕೈಯಿಂದ ಹಿತ್ತಾಳೆ ಚೊಂಬು ಜಾರಿ ಕಲ್ಲಿನ ಮೇಲೆ ಢಣಾರೆಂದು ಬಿತ್ತು. ಅಪ್ಪು ಬೆಚ್ಚಿದ. ಟವೆಲು ಹಿಡಿದು ನಿಂತಿದ್ದ ದಿವ್ಯ ಬೆಚ್ಚಲಿಲ್ಲ, ಅವಳು ಮಗುವನ್ನೇ ನೋಡುತ್ತಿದ್ದಳು. ಚಿನ್ನು ಕಣ್ಣು ಮಿಟುಕಿಸಲಿಲ್ಲ. ಹೆಂಚಿನ ಸಂದಿಯಿಂದ ಇಳಿದ ಬೆಳಕಿನ ಕಡೆಗೆ ನೋಡಿಕೊಂಡು ಕಾಲಾಡಿಸುತ್ತಲೇ ಇತ್ತು.

ದಿವ್ಯಳಿಗೆ ಇದು ಮೊದಲನೆಯದಲ್ಲ. ತಟ್ಟೆ ಬೀಳಿಸಿ ನೋಡಿದ್ದಳು, ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡಿದ್ದಳು. ಮಗುವನ್ನು ಕರೆದರೆ ತಿರುಗುವುದಿಲ್ಲ, ಎದುರಿಗೆ ಬಂದರೆ ಮಾತ್ರ ಮುಖವರಳಿಸುತ್ತದೆ. ಮನೆಯವರೆಲ್ಲ ಎಷ್ಟು ಗದ್ದಲವಾದರೂ ಏಳದ ಬಂಗಾರದಂಥ ಕೂಸು ಎಂದು ಹೊಗಳುವಾಗ ಅವಳು ಕೂಸನ್ನೆತ್ತಿಕೊಂಡು ಕೋಣೆಗೆ ಹೋಗಿಬಿಡುತ್ತಿದ್ದಳು.

ಅವತ್ತು ಮಧ್ಯಾಹ್ನ ಮೆಣಸು ಕುಟ್ಟುತ್ತಿದ್ದ ತಾಯಿಯ ಪಕ್ಕ ಕೂತು ಹೇಳಿಯೇಬಿಟ್ಟಳು. “ಅವ್ವಾ, ಚಿನ್ನುಗೆ ಕಿವಿ ಕೇಳ್ತದಾ ಇಲ್ವಾ ಅಂತ ನಂಗೆ ಅನುಮಾನ.”

“ಬುಡ್ತು ಅನ್ನು!” ಪ್ರಮೀಳಾ ಕುಟ್ಟಾಣಿ ಕೆಳಗಿಟ್ಟರು. “ಮೊದ್ಲು ಬುಡ್ತು ಅನ್ನು. ಹೆತ್ತ ಬಾಯಲ್ಲಿ ಎಂಥ ಮಾತೇ ಅದು?”

“ಬುಡ್ತು. ಆದ್ರೂ ನರ್ಸಮ್ಮ ಹೇಳಿದ್ರಲ್ಲ, ಎಲ್ಲಾ ಕೂಸಿಗೂ ಒಂದ್ಸಲ ಮೈಸೂರಲ್ಲಿ ಕಿವಿ ಪರೀಕ್ಷೆ ಮಾಡ್ಸಿ ಅಂತ.”

“ಮಾಡ್ಸವಾ. ನಾಮಕರಣ ಆಗ್ಲಿ. ಹೊಳೆ ದಾಟುಸ್ಬ್ಯಾಡಿ ಅಂತ ನಿಮ್ಮಜ್ಜಿ ಹೇಳಿಲ್ವಾ? ಶೀಳನೆರೆಯೋರಿಗಂತೂ ಈಗ ಉಸುರುಬ್ಯಾಡ. ನಿಮ್ಮತ್ತೆ ಏನಂದ್ಕೊಂಡಾರು?”

ಭಾನುವಾರ ಗಂಡ ರಘುನಂದನ್ ಬಂದ. ಕೆ.ಆರ್. ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಸಾಧು ಮನುಷ್ಯ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ತನಗೆ ಗೊತ್ತಿದ್ದ ಒಂದೇ ಒಂದು ಲಾಲಿಯನ್ನು ರಾಗ ತಪ್ಪಿ ಹಾಡಿದ. ಪ್ರಮೀಳಾ ಬಾಗಿಲಲ್ಲೇ ನಿಂತು ಮಗಳ ಮುಖವನ್ನು ಕಾಯುತ್ತಿದ್ದರು. ದಿವ್ಯ ಕೂಸಿನ ಕುಲಾವಿ ಸರಿಮಾಡುತ್ತಾ ಕೂತಳು. ಅವನು ಹೋದ ಮೇಲೆ ಗೋಡೆಗೆ ಮುಖ ಮಾಡಿ ಅತ್ತಳು. ಬಾಣಂತಿ ಅಳಬಾರದು ಎಂದು ಸೋಮಮ್ಮ ಬೆಳ್ಳುಳ್ಳಿ ಹುರಿದು ತಿನ್ನಿಸಿದರು.

ಇತ್ತ ಅಪ್ಪು ಪಾಂಡವಪುರದಲ್ಲಿ ಶಶಿಯ ಶೆಡ್ಡಿನ ಮುಂದೆ ಕೂತಿದ್ದ. ಶಶಿ ಅವನ ಐಟಿಐ ಗೆಳೆಯ, ಗಾಡಿ ಬಿಚ್ಚುವುದರಲ್ಲಿ ಎತ್ತಿದ ಕೈ, ಜೋಡಿಸಿ ವಾಪಸು ಕೊಡುವುದರಲ್ಲಿ ಸ್ವಲ್ಪ ನಿಧಾನ. ಅವನು ಅಂಗೈಯಗಲದ ಕಬ್ಬಿಣದ ಬಿಲ್ಲೆಯೊಂದನ್ನು ಕೊಳವೆಯೊಳಗೆ ತಿರುಗಿಸಿ ತೋರಿಸಿದ.

“ಹಾಕೋದು ಕಷ್ಟ ಇಲ್ಲ ಕಣ್ಲಾ. ಹಾಕಿದ್ಮೇಲೆ ಎಲ್ಲಿ ತೆಗೀತೀಯ, ಅದ್ನ ಯೋಚ್ನೆ ಮಾಡು. ರೋಡಲ್ಲಿ ತೆಗೆದ್ರೆ ಪೊಲೀಸ್ರು ಗಾಡಿ ಎತ್ತಾಕ್ಕೊಂಡೋಯ್ತಾರೆ. ಊರಲ್ಲಿ ತೆಗೆದ್ರೆ ಊರೋರು ನಿನ್ನೇ ಎತ್ತಾಕ್ತಾರೆ.”

“ಇಂಜಿನ್ನಿಗೆ ಒಳ್ಳೇದಾ, ಕೆಟ್ದಾ? ಅದೇಳು.”

“ನಿನ್ ಗಾಡೀಗೆ ಅಂಥಾ ಯತ್ವಾಸ ಏನೂ ಆಗಾಕಿಲ್ಲ. ಕಿವಿಗೇ ಜಾಸ್ತಿ. ನಿಂಗ್ಯಾಕ್ಲಾ ಬೇಕು ಇದು?”

ಅಪ್ಪು ಯೋಚಿಸಿ, ನಿಜವನ್ನೇ ಹೇಳಿದ. “ಇಂಜಿನ್ನು ನಾನೇ ಕೂರ್ಸಿದ್ದು. ಸೈಲೆನ್ಸರ್ ಮುಚ್ಕೊಂಡಿರೋ ದನಿನೇ ಕೇಳ್ತಾ ಇವ್ನಿ. ಅದ್ರ ಸ್ವಂತ ಗಂಟ್ಲು ಎಂಗೈತೆ ಅಂತ ಒಂದ್ಸಲ ಕೇಳ್ಬೇಕು ಕಣ್ಲಾ.”

ಇದು ಶಶಿಗೆ ಅರ್ಥವಾಯಿತು. ಬೆಸುಗೆ ಹಾಕುವುದು ಬೇಡ, ಕ್ಲ್ಯಾಂಪಿನಲ್ಲಿ ಬಿಗಿಯುತ್ತೇನೆ, ಮನೆಯಲ್ಲಿ ಬೇಡವೆಂದರೆ ಬಿಚ್ಚಿಕೊಡುತ್ತೇನೆ ಎಂದು ಜೀಪಿನಡಿ ನುಸುಳಿದ. ಶೆಡ್ಡಿನ ಅಕ್ಕಪಕ್ಕ ಅಂಗಡಿಗಳಿದ್ದುದರಿಂದ ಅಲ್ಲಿ ತೆಗೆದು ನೋಡಲಿಲ್ಲ.

ಆದರೆ ಬಾಬುರಾಯನಕೊಪ್ಪಲಿನ ಬಾಯಿಮಾತಿನಲ್ಲಿ ಕಟೌಟು ಆಗಲೇ ಎದ್ದು ನಿಂತಿತ್ತು. ಸೋಮಮ್ಮ ಯಾರಿಗೂ ಹೇಳಬೇಡ ಎಂಬ ಷರತ್ತಿನ ಮೇಲೆ ಪಕ್ಕದ ಮನೆಯ ಜಯಲಕ್ಷ್ಮಮ್ಮನಿಗೆ ಹೇಳಿದ್ದರು. ಹೀಗಾಗಿ ಸಂಜೆ ಅಪ್ಪು ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಜಗಲಿಯ ಮೇಲೆ ಇಬ್ಬರು ಮುದುಕಿಯರೂ ಬೀದಿಯ ನಾಲ್ಕು ಹೆಂಗಸರೂ ಕಾಯುತ್ತಿದ್ದರು.

“ಎಲ್ಲಲಾ ಕಟೌಟು?” ಎಂದರು ಸೋಮಮ್ಮ.

ಅಪ್ಪು ಜೀಪಿನ ಹೊಟ್ಟೆಯ ಕಡೆ ಬೆರಳು ತೋರಿಸಿದ. ಸೋಮಮ್ಮ ಸೆರಗು ಸಿಕ್ಕಿಸಿಕೊಂಡು, ಮಂಡಿಯ ಮೇಲೆ ಕೈಯಿಟ್ಟು ಬಗ್ಗಿದರು. ಜಯಲಕ್ಷ್ಮಮ್ಮನೂ ಬಗ್ಗಿದರು.

“ಕೂಸಿನ ಫೋಟೋನ ಗಾಡಿ ತಿಕದಡೀಗೆ ಅಂಟ್ಸಿದ್ದೀಯೇನ್ಲಾ!”

“ಫೋಟೋ ಅಲ್ಲ ಅಜ್ಜಿ. ಅಗೋ, ಆ ಪೈಪು. ಅದ್ಕೇ ಕಟೌಟು ಅನ್ನೋದು. ಶಬ್ದಕ್ಕೆ.”

ಜಯಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರು ನಗದೇ ಇದ್ದಿದ್ದರೆ ಸೋಮಮ್ಮನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಕೈಗೆ ಸಿಕ್ಕ ಪರಕೆ ಎತ್ತಿಕೊಂಡರು. ಅಪ್ಪು ಜೀಪಿನ ಸುತ್ತ ಓಡಿದ. “ನೀನೇ ಒಪ್ಪಿದ್ದಲ್ಲಜ್ಜಿ!” ಎಂದು ಆಚೆ ಬದಿಯಿಂದ ಕೂಗಿದ. “ನನ್ನ ಕಣ್ಣಿಗೇ ಮಣ್ಣೆರಚ್ತೀಯಾ, ಕಳ್ಳ ನನ್ ಮಗ್ನೆ!” ಎಂದರು ಈಚೆಯಿಂದ ಸೋಮಮ್ಮ. ಕಬ್ಬಿನ ಗದ್ದೆಗೆ ನೀರು ಕಟ್ಟಿ ಬಂದ ರಂಗಸ್ವಾಮಿ ನಡುವೆ ನಿಂತು ತೀರ್ಪು ಕೊಟ್ಟರು. “ನಾಳೆ ಮಧ್ಯಾಹ್ನದೊಳ್ಗೆ ಅದು ಬಿಚ್ಚಿರ್ಬೇಕು. ಒಂದ್ಸಲಾನೂ ಶಬ್ದ ಈಚೆಗೆ ಬರಕೂಡ್ದು.”

“ಬಿಚ್ಚೋಕೆ ಮುಂಚೆ ಒಂದ್ಸಲ ಬರ್ಲಿ ಅಪ್ಪಾ.”

ಎಲ್ಲರೂ ತಿರುಗಿದರು. ಕಿವಿಗೆ ಬಟ್ಟೆ ಕಟ್ಟಿದ್ದ ದಿವ್ಯ ಹೊಸಿಲ ಬಳಿ ನಿಂತಿದ್ದಳು.

“ನಿಂಗೇನವ್ವ ಬಂತು?” ಎಂದರು ರಂಗಸ್ವಾಮಿ.

“ಚಿನ್ನು ಮಲಗಿರುವಾಗ ಮಾಡ್ಲಿ. ಏಳ್ತಾಳಾ ನೋಡ್ಬೇಕು.”

ಪ್ರಮೀಳಾ ಬೀದಿ ಹೆಂಗಸರನ್ನೆಲ್ಲ ಹೊತ್ತಾಯಿತು, ಹಾಲು ಕರೆಯಬೇಕು ಎಂದು ಸಾಗಹಾಕಿ, ಮಗಳನ್ನು ಒಳಗೆ ಎಳೆದುಕೊಂಡರು. ಆದರೆ ಮಾತು ಆಡಿಯಾಗಿತ್ತು. ಅಂದು ತಟ್ಟೆಗೆ ಮುದ್ದೆ ಬಿದ್ದ ಮೇಲೆ ಯಾರೂ ಜಗಳವಾಡಲಿಲ್ಲ. ದಿವ್ಯ ಚೊಂಬಿನ ವಿಷಯ, ತಟ್ಟೆಯ ವಿಷಯ, ನರ್ಸಮ್ಮ ಹೇಳಿದ್ದು ಎಲ್ಲವನ್ನೂ ಹೇಳಿದಳು. ರಂಗಸ್ವಾಮಿ ಊಟ ಅರ್ಧಕ್ಕೇ ಬಿಟ್ಟು ಕೂತಿದ್ದರು.

“ಎಲ್ಲಾ ಮಕ್ಳೂ ಅಂಗೇಯಾ,” ಎಂದರು ಸೋಮಮ್ಮ. “ನಿಮ್ಮಪ್ಪ ಒಂದು ವರ್ಷ ಕರೆದ್ರೆ ತಿರುಗ್ತಿರ್ಲಿಲ್ಲ. ಈಗ್ಲೂ ತಿರುಗಾಕಿಲ್ಲ.”

ಯಾರೂ ನಗಲಿಲ್ಲ. ರಂಗಸ್ವಾಮಿ ತಟ್ಟೆ ಪಕ್ಕಕ್ಕೆ ಸರಿಸಿದರು. “ಆಯ್ತು. ಬೆಳಿಗ್ಗೆ ನೋಡುವಾ. ಕೇಳ್ತದೆ ಅಂತ ಗೊತ್ತಾದ್ರೆ ಈ ಕೂಸೂ ನೆಮ್ಮದಿಯಾಗಿ ಉಣ್ತಾಳೆ.” ಈ ಕೂಸು ಎಂದದ್ದು ಮಗಳನ್ನು.

ಬೆಳಿಗ್ಗೆ ಹಾಲು ಕರೆದಾದ ಮೇಲೆ ಪ್ರಮೀಳಾ ಹಸುಗಳನ್ನೂ ಕರುವನ್ನೂ ದೂರದ ಗದ್ದೆಯ ಬದುವಿಗೆ ಹೊಡೆದುಕೊಂಡು ಹೋಗಿ ಕಟ್ಟಿಬಂದರು. ಮಗು ಹಾಲು ಕುಡಿದು ಒಳಕೋಣೆಯ ಚಾಪೆಯ ಮೇಲೆ ನಿದ್ದೆ ಹೋಗಿತ್ತು. ಸುತ್ತ ಎಲ್ಲರೂ ಕೂತರು. ಕಿಟಕಿಯಿಂದ ರಂಗಸ್ವಾಮಿ ಕೈ ಬೀಸಿದರು. ಅಪ್ಪು ಲಿವರ್ ಎಳೆದು ಆಕ್ಸಿಲರೇಟರ್ ಒತ್ತಿದ.

ಊರ ಹಿಟ್ಟಿನ ಗಿರಣಿಯೇ ಅಂಗಳಕ್ಕೆ ಬಂದು ಕೂತಂತಾಯಿತು. ಗೂಡಿನಲ್ಲಿದ್ದ ಲೋಟಗಳು ಕುಣಿದವು, ಕಿಟಕಿ ಗದಗುಟ್ಟಿತು, ಬೀದಿ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಚಾಪೆಯ ಮೇಲೆ ಮಗು ಎರಡೂ ಕೈ ಎತ್ತಿ ಬೆಚ್ಚಿಬಿದ್ದು ಕಿಟಾರನೆ ಅತ್ತಿತು.

“ನೋಡ್ದಾ! ನೋಡ್ದಾ!” ಸೋಮಮ್ಮ ಎದ್ದು ನಿಂತರು. “ಪ್ರಮೀಳಾ, ಸಕ್ಕರೆ ತತ್ತಾರೇ. ನಾನು ಹೇಳಿರ್ಲಿಲ್ವಾ?” ಪ್ರಮೀಳಾ ಕಣ್ಣೊರೆಸಿಕೊಂಡು ನಗುತ್ತಾ ಅಡುಗೆಮನೆಗೆ ಓಡಿದರು. ರಂಗಸ್ವಾಮಿ ಉಸಿರು ಬಿಟ್ಟರು.

ದಿವ್ಯ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡಿದಳು. ಮಗು ಸುಮ್ಮನಾದ ಮೇಲೆ ಕೆಳಗೆ ಕೂತು ನೆಲಕ್ಕೆ ಅಂಗೈ ಇಟ್ಟಳು. ಜೀಪು ಇನ್ನೂ ಗುರುಗುಡುತ್ತಿತ್ತು. “ನೆಲ ನಡುಗ್ತದೆ ಅಜ್ಜಿ,” ಎಂದಳು. “ಶಬ್ದಕ್ಕೆ ಎದ್ಳೋ, ನಡುಕಕ್ಕೆ ಎದ್ಳೋ?”

“ಇನ್ನೇನೇ ಆಗ್ಬೇಕು ನಿಂಗೆ?” ಸಕ್ಕರೆ ಡಬ್ಬಿ ಹಿಡಿದು ಬಂದ ಪ್ರಮೀಳಾ ಸಿಡಿದರು. “ನಿನ್ ಮಗ್ಳು ಕಿವುಡಿ ಆಗ್ಲಿ ಅಂತ್ಲಾ ನಿನ್ನಾಸೆ?”

“ಕೇಳ್ಲಿ ಅಂತ ಕಣವ್ವ! ದಿನಾ ರಾತ್ರಿ ಅವ್ಳ ಕಿವೀಲಿ ಕೂಗ್ತಾ ಇವ್ನಿ. ನೀವೆಲ್ಲ ಬುಡ್ತು ಅನ್ನು ಅಂತೀರ. ನಾನು ಎಷ್ಟು ಸಲ ಬುಡ್ತು ಅನ್ಲಿ?” ದಿವ್ಯ ಮಗುವನ್ನು ಎದೆಗೊತ್ತಿಕೊಂಡು ಬಿಕ್ಕಿದಳು.

ಸೋಮಮ್ಮ ಮೊಮ್ಮಗಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬಗ್ಗಿ ಕೂಸನ್ನು ಅವಳ ಕೈಯಿಂದ ತೆಗೆದುಕೊಂಡು, ಹೊಸಿಲು ದಾಟಿ ಅಂಗಳಕ್ಕಿಳಿದು, ಹುಲ್ಲಿನ ಮೆದೆಯ ಪಕ್ಕಕ್ಕೆ ಹೋಗಿ ನಿಂತರು. ಅಲ್ಲಿಗೆ ಜೀಪು ಸಾಕಷ್ಟು ದೂರ, ಕೂಸಿನ ಬೆನ್ನ ಹಿಂದೆ. ಕೂಸಿನ ಮೈ ಅವರ ತೋಳಿಗೆ ಬಿಟ್ಟರೆ ಬೇರೆಲ್ಲಿಗೂ ತಾಗಿರಲಿಲ್ಲ. “ಈಗ ಮಾಡ್ಲಾ,” ಎಂದರು.

ಅಪ್ಪು ಮತ್ತೆ ಎಳೆದ. ತೆಂಗಿನ ಮರದ ಕಾಗೆಗಳು ಎದ್ದು ಹಾರಿದವು. ಸೋಮಮ್ಮನ ಭುಜವೇ ಕುಪ್ಪಳಿಸಿತು. ಕೂಸು ಅವರ ಮೂಗುಬೊಟ್ಟಿನ ಮೇಲೆ ಬಿದ್ದ ಬಿಸಿಲನ್ನು ನೋಡುತ್ತಿತ್ತು.

“ಇನ್ನೊಂದ್ಸಲ,” ಎಂದು ಕೈಯೆತ್ತಿದರು.

ಮತ್ತೆ ಅಂಗಳ ಒಡೆಯುವಂಥ ಶಬ್ದ. ಕೂಸು ಮೂಗುಬೊಟ್ಟಿಗೆ ಕೈ ಚಾಚಿ ನಕ್ಕಿತು. ಬೊಚ್ಚು ಬಾಯಿ ತೆರೆದು, ಕೆನ್ನೆ ಗುಳಿ ಬೀಳುವ ಹಾಗೆ ನಕ್ಕಿತು. ಅಷ್ಟು ಚೆಂದದ ನಗುವನ್ನು ಆ ಮನೆಯಲ್ಲಿ ಯಾರೂ ಅಷ್ಟು ಸಂಕಟದಿಂದ ನೋಡಿರಲಿಲ್ಲ.

ಅಪ್ಪು ಇಂಜಿನ್ನು ನಿಲ್ಲಿಸಿ ಇಳಿದ. ಅವನ ಮುಖ ಬಿಳಿಚಿಕೊಂಡಿತ್ತು. “ಇದ್ನ ಬಿಚ್ಚಾಕ್ತೀನಿ ಅಪ್ಪಾ. ಈ ದನಿ ನಂಗೆ ಬ್ಯಾಡ,” ಎಂದ. ಪ್ರಮೀಳಾ ಸಕ್ಕರೆ ಡಬ್ಬಿ ಹಿಡಿದುಕೊಂಡೇ ಜಗಲಿಯ ಮೇಲೆ ಕುಸಿದು ಕೂತರು.

ಸೋಮಮ್ಮ ನಿಧಾನವಾಗಿ ನಡೆದು ಬಂದು ದಿವ್ಯಳ ಎದುರು ನಿಂತರು. “ಕೇಳ್ಳಿಲ್ಲ ಕಣವ್ವ,” ಎಂದರು. “ನೀನು ಹೇಳಿದ್ದೇ ಸರಿ.” ದಿವ್ಯ ಅಜ್ಜಿಯ ಭುಜಕ್ಕೆ ಹಣೆಯಿಟ್ಟಳು. ಎಷ್ಟೋ ವಾರಗಳಿಂದ ಒಬ್ಬಳೇ ಹೊತ್ತಿದ್ದುದನ್ನು ಇನ್ನೊಬ್ಬರು ಕೈ ಹಾಕಿ ಇಳಿಸಿದಂತಾಗಿ, ದುಃಖದ ನಡುವೆಯೂ ಅವಳಿಗೆ ಹಗುರವಾಯಿತು.

“ಒಂದು ಸೀರೆ ಬದಲಾಯಿಸ್ಕೊ. ಮೈಸೂರಿಗೆ ಹೋಗವಾ,” ಎಂದರು ಸೋಮಮ್ಮ.

“ಈಗ್ಲಾ?” ರಂಗಸ್ವಾಮಿ ತಡವರಿಸಿದರು. “ಮುಂದಿನ ವಾರ ನಾಮಕರಣ ಅಂತ ಎಲ್ರಿಗೂ ಹೇಳಾಗೈತಲ್ಲವ್ವ. ಅದೊಂದು ಮುಗ್ದೋಗ್ಲಿ. ಶೀಳನೆರೆಯೋರು ಬಂದು ಉಂಡ್ಕೊಂಡು ಹೋಗ್ಲಿ. ಆಮೇಲೆ ನಿಧಾನಕ್ಕೆ...”

“ರಘುಗೆ ಫೋನ್ ಹಾಕು. ಅವ್ನ ಮಗಳು, ಅವ್ನೂ ಸೀದಾ ಆಸ್ಪತ್ರೆಗೇ ಬರ್ಲಿ. ನೆಂಟ್ರಿಗೆ ಊಟ ಇನ್ನೊಂದಿನ ಇಕ್ಕುದ್ರಾಯ್ತು.”

“ಹೆಸರಿಡ್ದೆ ಹೊಳೆ ದಾಟೋದು ಎಂಗೆ ಅತ್ತೆ?” ಎಂದರು ಪ್ರಮೀಳಾ, ಅಳುವಿನ ನಡುವೆ.

ಸೋಮಮ್ಮ ಆಗಲೇ ಜೀಪಿನ ಮೆಟ್ಟಿಲಿಗೆ ಕಾಲಿಟ್ಟಿದ್ದರು. ಕೂಸನ್ನು ಸೆರಗಿನೊಳಗೆ ಸೇರಿಸಿಕೊಂಡು ಸೊಸೆಯ ಕಡೆಗೆ ತಿರುಗಿದರು.

“ತೊಟ್ಲಿಗೆ ಹಾಕಿ ಕೂಸಿನ ಕಿವೀಲಿ ಮೂರು ಸಲ ಹೆಸರು ಹೇಳ್ಬೇಕಾದೋಳು ನಾನಲ್ವಾ? ಊರೋರಿಗೆಲ್ಲ ಕೇಳಿ, ಅವ್ಳಿಗೇ ಕೇಳ್ದೆ ಇದ್ರೆ ಅದು ಯಾರ ಹೆಸ್ರೇ? ಮೊದ್ಲು ಕಿವಿ ತೋರ್ಸವಾ. ಅವ್ಳಿಗೆ ಕೇಳಿದ ದಿನ ಹೇಳ್ತೀನಿ.”